ಕೊನೆಯವರ ಹಿಂದೆ ನಡೆಯುವಾಕೆ

ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ಮುಟ್ಟಿಲ್ಲ. ಪೇಟೆಯ ನಡುವಿನ ಮೈದಾನದಲ್ಲಿ, ಗಾಳಿ ತುಂಬಿ ನಿಲ್ಲಿಸಿದ ದೊಡ್ಡ ಕಮಾನಿನ ಕೆಳಗೆ ಓಟಗಾರರು ಮೈಗೆ ಮೈ ಒತ್ತಿಕೊಂಡು ನಿಂತಿದ್ದಾರೆ. ಎಲ್ಲರ ಬಾಯಿಂದಲೂ ಹೊಗೆಯಂಥ ಉಸಿರು. ಧ್ವನಿವರ್ಧಕದಲ್ಲಿ ಒಬ್ಬಾತ ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ. ಸೀಟಿ ಊದಿದ್ದೇ ತಡ, ಗುಂಪು ಒಮ್ಮೆಲೇ ಮುಂದಕ್ಕೆ ನುಗ್ಗಿ, ಇಳಿಜಾರಿನ ಬೀದಿ ಹಿಡಿದು, ಬೇಕರಿಯ ಮೂಲೆಯಲ್ಲಿ ತಿರುಗಿ ಕಣ್ಮರೆಯಾಗುತ್ತದೆ. ಕ್ಯಾಮೆರಾದವರೂ ಅವರ ಹಿಂದೆಯೇ ಓಡುತ್ತಾರೆ. ಬೀಳ್ಕೊಡಲು ಬಂದ ಮನೆಯವರು ಸ್ವಲ್ಪ ಹೊತ್ತು ಕೈ ಬೀಸಿ, ಚಳಿ ತಡೆಯಲಾರದೆ ಚಹಾದಂಗಡಿಯತ್ತ ಹೆಜ್ಜೆ ಹಾಕುತ್ತಾರೆ.

ಮೈದಾನ ಖಾಲಿಯಾದ ಮೇಲೆ, ಅಂಚಿನ ಕಲ್ಲುಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬರು ಬೂಟಿನ ಲೇಸು ಕಟ್ಟಲು ಬಗ್ಗುತ್ತಾರೆ. ಅವಸರವೇನಿಲ್ಲ. ಬೆನ್ನಿಗೆ ಚೀಲ ಏರಿಸಿ, ಎದೆಯ ಪಟ್ಟಿಗೆ ವಾಕಿಟಾಕಿ ಸಿಕ್ಕಿಸಿ, ಕೋಲು ಹಿಡಿದು ಎದ್ದು ನಿಲ್ಲುತ್ತಾರೆ. ನೆಲದ ಮೇಲೆ ಯಾರೋ ಬೀಳಿಸಿಕೊಂಡು ಹೋದ ಒಂಟಿ ಕೈಗವಸು ಇದೆ. ಎತ್ತಿ ಮಣ್ಣು ಕೊಡವಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆಮೇಲೆ ಮೈದಾನದ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ ತಾತ್ಕಾಲಿಕ ಶೌಚಾಲಯಗಳ ಕಡೆ ಹೋಗಿ ಒಂದೊಂದೇ ಬಾಗಿಲು ತಟ್ಟುತ್ತಾರೆ.

"ಯಾರಾದ್ರೂ ಇದ್ದೀರಾ?"

"ಒಂದ್ನಿಮಿಷ, ಒಂದ್ನಿಮಿಷ!" ಎಂದು ಒಳಗಿಂದ ಗಾಬರಿಯ ದನಿ ಬರುತ್ತದೆ. ಬಾಗಿಲು ತೆರೆದುಕೊಂಡು ಹೊರಬಿದ್ದ ದಪ್ಪ ಮೀಸೆಯ ಓಟಗಾರ ಸುತ್ತ ನೋಡುತ್ತಾನೆ. ಮೈದಾನದಲ್ಲಿ ನರಪಿಳ್ಳೆಯಿಲ್ಲ. "ಹೋಗ್ಬಿಟ್ರಾ ಎಲ್ರೂ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಟ ಕೀಳುತ್ತಾನೆ. ಹೆಂಗಸು, ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ನಗುತ್ತಾರೆ. "ಪ್ರತಿ ವರ್ಷ ಒಬ್ರು ಇರ್ತಾರೆ ಮೇಡಂ. ಅದಕ್ಕೇ ಬಾಗಿಲು ತಟ್ಟದೆ ಹೊರಡಲ್ಲ."

ಇವರು ಈ ಬೆಟ್ಟದೂರಿನ ಓಟದಲ್ಲಿ ಎಲ್ಲರಿಗಿಂತ ಕೊನೆಯವರು. ಸೋತು ಕೊನೆಯಾದವರಲ್ಲ, ಕೊನೆಯಲ್ಲಿರುವುದೇ ಇವರ ಕೆಲಸ. ನಾಲ್ಕು ದಿನ ಬೆಟ್ಟದ ಮೇಲೆ ನಡೆಯುವ ಅಲ್ಟ್ರಾ ಮ್ಯಾರಥಾನ್, ಐದನೇ ದಿನ ಊರ ಬೀದಿಗಳಲ್ಲಿ ಮಕ್ಕಳು ಮುದುಕರೆಲ್ಲ ಸೇರಿ ಓಡುವ ಮೋಜಿನ ಓಟ. ಈ ಐದೂ ದಿನ, ಎಲ್ಲರಿಗಿಂತ ಹಿಂದೆ ಬಿದ್ದ ಓಟಗಾರನ ಹಿಂದೆ ಇವರು ಬರುತ್ತಾರೆ. ದಾರಿ ತೋರಿಸಲು ಕಟ್ಟಿದ ಕೆಂಪು ರಿಬ್ಬನ್‌ಗಳನ್ನು ಬಿಚ್ಚುತ್ತ, ಬಿದ್ದದ್ದನ್ನು ಹೆಕ್ಕುತ್ತ, ಕೂತವರನ್ನು ಎಬ್ಬಿಸುತ್ತ ಬರುತ್ತಾರೆ. ಇವರು ದಾಟಿದ ದಾರಿಯಲ್ಲಿ ಆ ದಿನದ ಓಟ ಮುಗಿದಂತೆ. ಸಂಘಟಕರ ಕಾಗದಪತ್ರದಲ್ಲಿ ಈ ಕೆಲಸಕ್ಕೆ ಸ್ವೀಪರ್ ಎಂದು ಹೆಸರು. ಮೊದಲ ಸಲ ಅದನ್ನು ಕೇಳಿದಾಗ ಮನೆಯಲ್ಲಿ ಅತ್ತೆ, "ಬೆಟ್ಟದ ಕಸ ಗುಡಿಸೋಕೂ ಜನ ಇಟ್ಕೊಳ್ತಾರಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ.

ಊರವರು ಕರೆಯುವುದು ಕೊನೆಯಕ್ಕ ಎಂದು. ವಾಕಿಟಾಕಿಯಲ್ಲಿ, ದಾರಿಯುದ್ದಕ್ಕೂ ಇರುವ ನೀರಿನ ಠಾಣೆಗಳ ಸ್ವಯಂಸೇವಕರು, "ಕೊನೆಯಕ್ಕ ಎಲ್ಲಿದ್ದಾರೆ? ಕೊನೆಯಕ್ಕ ದಾಟಿದ್ರಾ?" ಎಂದು ಕೇಳಿ ಕೇಳಿ ಅದೇ ಹೆಸರಾಗಿ ಉಳಿಯಿತು. "ನಮ್ಮಪ್ಪನ ಮನೇಲಿ ನಾನೇ ಮೊದಲನೇ ಮಗಳು," ಎನ್ನುತ್ತಾರೆ ಅವರು. "ನನ್ನ ತಂಗೀರೆಲ್ಲ ಈಗ ಕೇಳ್ತಾರೆ, ನೀನು ಯಾವಾಗ ಕಡೆಯವಳಾದೆ ಅಂತ."

ಉಳಿದ ದಿನಗಳಲ್ಲಿ ಕೊನೆಯಕ್ಕ ಸಿಗುವುದು ಬಸ್ ನಿಲ್ದಾಣದ ಹಿಂದಿನ ವಸತಿಗೃಹದ ನೆಲಮಾಳಿಗೆಯಲ್ಲಿ. ಅಲ್ಲಿ ಎರಡು ದೊಡ್ಡ ಬಟ್ಟೆ ಒಗೆಯುವ ಯಂತ್ರಗಳು, ಒಂದು ಉದ್ದನೆಯ ಇಸ್ತ್ರಿ ಮೇಜು, ಬೆವರಿನಂತೆ ಗೋಡೆಯಿಂದ ಇಳಿಯುವ ಹಬೆನೀರು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲುಗಳ ರಾಶಿ ಬೆಳಿಗ್ಗೆ ಎಷ್ಟಿತ್ತೋ ಸಂಜೆಗೂ ಅಷ್ಟೇ ಇರುತ್ತದೆ. ಕಿಟಕಿ ಎಂದರೆ ಸೂರಿನ ಕೆಳಗಿನ ಒಂದು ಗೇಣಿನ ಸಂದು. ಅದರಲ್ಲಿ ಬೀದಿಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತದೆ. ನಾನು ಹೋದಾಗ ಅವರು ಒದ್ದೆ ಹಾಸಿಗೆ ಬಟ್ಟೆಯ ಎರಡು ತುದಿ ನನ್ನ ಕೈಗೆ ಕೊಟ್ಟು, "ಮಾತಾಡ್ತಾ ಮಡಚೋಣ, ಸುಮ್ನೆ ನಿಂತ್ರೆ ನಿಮಗೂ ಬೇಜಾರು," ಎಂದರು. ಸಂದರ್ಶನದ ಅರ್ಧ ಹಾಗೆಯೇ ಮುಗಿಯಿತು.

ವಸತಿಗೃಹದ ಯಜಮಾನರಿಗೆ ಇವರ ಬಗ್ಗೆ ಒಂದು ದೂರಿದೆ. "ವರ್ಷದಲ್ಲಿ ನನ್ನ ರೂಮುಗಳೆಲ್ಲ ತುಂಬೋದು ಆ ಐದು ದಿನ. ಅದೇ ಐದು ದಿನ ಇವರಿಗೆ ರಜೆ ಬೇಕು," ಎಂದು ಗೊಣಗುತ್ತಾರೆ. ಮರುಗಳಿಗೆಯೇ, "ಏನ್ಮಾಡೋದು, ಕಳಿಸ್ತೀನಿ. ಇವರು ಕರ್ಕೊಂಡು ಬಂದ್ರೆ ತಾನೇ ನನ್ನ ಗಿರಾಕಿಗಳು ರೂಮಿಗೆ ವಾಪಸ್ ಬರೋದು?" ಎಂದು ತಾವೇ ನಗುತ್ತಾರೆ.

ಮನೆ ಇರುವುದು ಕಬ್ಬಿಣದ ಸಾಮಾನಿನ ಅಂಗಡಿಯ ಮಾಳಿಗೆಯಲ್ಲಿ. ಹೊರಗಿನಿಂದ ಹತ್ತುವ ಕಡಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕೊನೆಯಕ್ಕನ ಗಂಡ ಹೊಲಿಗೆ ಹಾಕುತ್ತ ಕೂತಿರುತ್ತಾರೆ. ಬೆಟ್ಟ ಹತ್ತುವವರ ಬೆನ್ನುಚೀಲ, ಕಿತ್ತುಹೋದ ಬೂಟು, ಹರಿದ ಡೇರೆ ಎಲ್ಲ ರಿಪೇರಿಗೆ ಇಲ್ಲಿಗೇ ಬರುತ್ತವೆ. ಕಿಟಕಿಯ ಪಕ್ಕದ ಮಂಚ ಅತ್ತೆಯದು. ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಹೋದರು, ಯಾರ ಜೊತೆ ಹೋದರು ಎಂಬುದಕ್ಕೆಲ್ಲ ಅವರೇ ಸಾಕ್ಷಿ. ಗಂಡನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲನ್ನು ಬಿಚ್ಚಿ, ಅದಕ್ಕೂ ಒಂದು ಶೂ ಹಾಕಿ, ಕುರ್ಚಿಯ ಪಕ್ಕ ನಿಲ್ಲಿಸಿಕೊಂಡಿದ್ದಾರೆ.

"ನನ್ನ ಕಾಲಿನ ಕಥೆ ಹೇಳಿ ಪೇಪರಿನವರನ್ನ ಅಳಿಸ್ಬೇಡ," ಎಂದು ಹೆಂಡತಿಗೆ ತಾಕೀತು ಮಾಡಿ, ಆಮೇಲೆ ತಾವೇ ಹೇಳಲು ಶುರುಮಾಡುತ್ತಾರೆ.

ಮದುವೆಯಾದ ಹೊಸತು. ಬೆಟ್ಟದ ಮೇಲೆ ದೂರವಾಣಿ ಗೋಪುರ ಏಳುತ್ತಿತ್ತು. ಸಿಮೆಂಟು, ಕಬ್ಬಿಣ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಸಾಗಿಸಬೇಕು. ಗಂಡ ಹೆಂಡತಿ ಇಬ್ಬರೂ ಹೊರುತ್ತಿದ್ದರು. ಆ ದಿನ ಹೆಂಡತಿಗೆ ಮೈ ಸರಿಯಿಲ್ಲವೆಂದು ಗಂಡ ಒಬ್ಬರೇ ಹೋದರು. ಹೊರೆ ಇಳಿಸಿ ಬರುವಾಗ ಸಾಲಿನ ಕೊನೆಯಲ್ಲಿದ್ದವರು ಜಾರಿ ಕೊರಕಲಿಗೆ ಬಿದ್ದರು. ಕಾಲ ಮೇಲೆ ಬಂಡೆ ಉರುಳಿತು. ಮುಂದಿನವರಿಗೆ ಗೊತ್ತಾಗಲಿಲ್ಲ.

"ನಾನು ಕೂಗ್ತಾನೇ ಇದ್ದೆ. ಗಾಳಿ ಮೇಲಕ್ಕೆ ಬೀಸ್ತಿತ್ತು. ಅವರ ಮಾತು ನನಗೆ ಕೇಳ್ತಿತ್ತು, ನನ್ನ ಕೂಗು ಅವರಿಗೆ ಕೇಳ್ಲಿಲ್ಲ."

ಕೆಳಗೆ ಗುತ್ತಿಗೆದಾರನ ಶೆಡ್ಡಿನಲ್ಲಿ ಹೊರೆಗಳೆಲ್ಲ ತಲುಪಿದವೆಂದು ಖಾತ್ರಿಯಾಯಿತು. ಆಳುಗಳನ್ನು ಎಣಿಸುವ ಪದ್ಧತಿ ಇರಲಿಲ್ಲ. ಗಂಡ ಬರಲಿಲ್ಲವೆಂದು ಕೇಳಲು ಹೋದ ಹೆಂಡತಿಗೆ, "ಎಲ್ಲರೂ ಇಳಿದಾಯ್ತಮ್ಮ. ಎಲ್ಲೋ ಕೂತು ಹರಟ್ತಿರ್ತಾನೆ, ಬರ್ತಾನೆ ಬಿಡು," ಎಂದರು. ಬೆಳಕು ಹರಿಯುವವರೆಗೂ ಜೊತೆಗೆ ಯಾರೂ ಬರಲಿಲ್ಲ. ಬೆಳಿಗ್ಗೆ ಮೈದುನನ ಜೊತೆ ಹತ್ತಿ ಹುಡುಕಿದವರು ಅವರೇ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಇದನ್ನು ಹೇಳುವಾಗ ಗಂಡನ ದನಿ ಏರಿಳಿಯುವುದಿಲ್ಲ. ಸೂಜಿ ಚೀಲದ ಪಟ್ಟಿಯೊಳಗೆ ಹೋಗಿ ಬರುತ್ತಲೇ ಇರುತ್ತದೆ. ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಡುವವರು ಹೆಂಡತಿ. ಎರಡು ಲೋಟ ಚಹಾಕ್ಕೆ ಅವರು ತೆಗೆದುಕೊಂಡ ಹೊತ್ತು ಬಹಳ.

ಓಟ ಈ ಊರಿಗೆ ಬಂದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಮೊದಲ ವರ್ಷ ಕೊನೆಯಕ್ಕನನ್ನು ಕರೆದದ್ದು ರಿಬ್ಬನ್ ಬಿಚ್ಚುವ ಕೂಲಿಗೆ ಮಾತ್ರ. ಓಟ ಮುಗಿದ ಮರುದಿನ ನಿಧಾನಕ್ಕೆ ಬಿಚ್ಚಿದರೆ ಸಾಕು ಎಂದಿದ್ದರು. ಮರುದಿನ ವಸತಿಗೃಹದಲ್ಲಿ ಕೆಲಸವಿದ್ದುದರಿಂದ ಇವರು ಓಟ ಮುಗಿಯುವ ದಿನವೇ ಸಂಜೆಯ ಕಡೆಗೆ ಬೆಟ್ಟ ಹತ್ತಿದರು. ಅರ್ಧ ದಾರಿಯಲ್ಲಿ, ಬಂಡೆಯೊಂದಕ್ಕೆ ಒರಗಿ ಒಬ್ಬ ಯುವತಿ ಕೂತಿದ್ದಳು. ಹಿಮ್ಮಡಿ ಕಿತ್ತುಹೋದ ಶೂ ಕೈಯಲ್ಲಿತ್ತು. ಅಳುವುದೂ ಮುಗಿದು ಸುಮ್ಮನಾಗಿದ್ದಳು. ಕೆಳಗೆ ಸಂಘಟಕರು ಅವಳು ಓಟ ಬಿಟ್ಟು ಕೋಣೆಗೆ ಹೋಗಿದ್ದಾಳೆಂದು ತಿಳಿದಿದ್ದರು. ಕೋಣೆಯಲ್ಲಿದ್ದ ಗೆಳತಿಯರು ಅವಳಿನ್ನೂ ಓಡುತ್ತಿದ್ದಾಳೆಂದು ತಿಳಿದಿದ್ದರು.

ಕೊನೆಯಕ್ಕ ತಮ್ಮ ಶಾಲು ಹರಿದು ಅವಳ ಪಾದಕ್ಕೆ ಸುತ್ತಿ ಕೆಳಗೆ ಕರೆತಂದರು. ಓಟದ ಮುಖ್ಯಸ್ಥರ ಮುಂದೆ ಅವಳನ್ನು ನಿಲ್ಲಿಸಿ, "ರಿಬ್ಬನ್ ನಾಳೆ ಬಿಚ್ಚಿದ್ರೂ ನಡೆಯುತ್ತೆ ಸರ್. ಜನಾನ ಇವತ್ತೇ ಇಳಿಸ್ಕೋಬೇಕು," ಎಂದರು. ಮುಖ್ಯಸ್ಥರ ಮುಖ ಸಣ್ಣದಾಯಿತು. ಆದರೆ ಅವರು ದೊಡ್ಡ ಮನಸ್ಸಿನವರು. ಮರುವರ್ಷ ಮನೆ ಹುಡುಕಿಕೊಂಡು ಬಂದು, ಕಡಿದಾದ ಮೆಟ್ಟಿಲು ಹತ್ತಿ, "ನೀವು ಕೊನೆಯವರ ಹಿಂದೆ ಬರ್ತೀರಾ?" ಎಂದು ಕೇಳಿದರು. ಗಂಡ ಹೊಲಿಗೆ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಒಂದೇ ಮಾತು ಹೇಳಿದರಂತೆ: "ಹೋಗು. ಯಾರಾದ್ರೂ ಒಬ್ರು ಅಲ್ಲಿರ್ಬೇಕು."

ಕೊನೆಯಲ್ಲಿರುವವರ ಜೊತೆ ನಡೆಯುವುದು ಹೇಗಿರುತ್ತದೆ ಎಂದು ತಿಳಿಯಲು ನಾನೂ ಮೊದಲ ದಿನ ಸ್ವಲ್ಪ ದೂರ ಹೋದೆ. ಅವರಿಗಿಂತ ಎರಡು ಹೆಜ್ಜೆ ಹಿಂದೆ ಇದ್ದೆ. ತಿರುಗಿ ನೋಡಿ, "ನೀವು ಮುಂದೆ ಬನ್ನಿ ಮೇಡಂ," ಎಂದರು. ಪರವಾಗಿಲ್ಲ, ನಿಮ್ಮನ್ನು ನೋಡುತ್ತ ಬರುತ್ತೇನೆ ಎಂದೆ. "ನೋಡೋದಾದ್ರೆ ಮುಂದೆ ಹೋಗಿ ತಿರುಗಿ ನೋಡಿ. ನನ್ನ ಹಿಂದೆ ಮಾತ್ರ ಬೇಡ." ಈ ಒಂದು ವಿಷಯದಲ್ಲಿ ಅವರದು ಹಠವೇ.

ಕೊನೆಯವರಲ್ಲಿ ಬಗೆಬಗೆಯವರು. ಮಾತೇ ಆಡದವರು, ಮಾತು ನಿಲ್ಲಿಸದವರು, ಶೂಗೆ ಬೈಯುವವರು, ತಮ್ಮನ್ನು ಇಲ್ಲಿಗೆ ಕರೆತಂದ ಸ್ನೇಹಿತನಿಗೆ ಬೈಯುವವರು. "ಹೊಟ್ಟೆಯೊಳಗಿರೋದೆಲ್ಲ ಹೇಳ್ಕೊಳ್ತಾರೆ," ಎನ್ನುತ್ತಾರೆ ಕೊನೆಯಕ್ಕ. "ಮುಖ ಕಾಣಲ್ಲ ನೋಡಿ, ನಾನು ಬೆನ್ನ ಹಿಂದೆ ಇರ್ತೀನಿ. ಮುಖ ನೋಡ್ಕೊಂಡು ಹೇಳಕ್ಕಾಗದ್ದು ಹಾಗೆ ಹೇಳಕ್ಕಾಗುತ್ತೆ. ಸಂಜೆ ಕೆಳಗೆ ಬಂದ್ಮೇಲೆ ನಾಚ್ಕೊಳ್ತಾರೆ. ನಾನು ಏನೂ ಕೇಳ್ಲಿಲ್ಲ ಅನ್ನೋ ಥರ ಇದ್ಬಿಡ್ತೀನಿ."

ಅವರಿಗೆ ಬೇಡವಾದ ಕೆಲಸವೂ ಒಂದಿದೆ. ಪ್ರತಿ ಠಾಣೆಗೂ ಒಂದು ಗಡುವು ಇರುತ್ತದೆ. ಗಡುವಿನೊಳಗೆ ತಲುಪದವರ ಓಟ ಅಲ್ಲಿಗೆ ಮುಗಿಯಿತು. ಅದನ್ನು ಹೇಳಬೇಕಾದವರು ಕೊನೆಯಕ್ಕನೇ. ಓಟಗಾರರ ಎದೆಯ ನಂಬರ್ ಚೀಟಿ ಬಿಚ್ಚಿಸಿಕೊಳ್ಳಬೇಕು. ಒಂದು ವರ್ಷ ಬಸ್ ಕಂಡಕ್ಟರ್ ಕೆಲಸದ ಹೆಂಗಸೊಬ್ಬರು ಬಂದಿದ್ದರು. ಮೂರನೇ ದಿನದ ಕೊನೆಯ ಏರಿನಲ್ಲಿ ಗಡುವು ಮೀರಿತು. ಠಾಣೆ ಕಣ್ಣೆದುರೇ ಇತ್ತು. ಆಕೆ ಕೈ ಮುಗಿದರು, ಬೈದರು, ಕೂತು ಅತ್ತರು. ಕೊನೆಯಕ್ಕ ಪಕ್ಕದಲ್ಲೇ ಕೂತು ಕಾದರು. ಕಡೆಗೆ ಆಕೆ ಚೀಟಿ ಬಿಚ್ಚಿ ಕೈಗಿತ್ತು, "ಟಿಕೆಟ್ ಇಲ್ಲದವರನ್ನ ಎಷ್ಟೋ ಜನರನ್ನ ನಡುದಾರೀಲಿ ಇಳಿಸಿದ್ದೀನಿ. ಇವತ್ತು ನನ್ನನ್ನೇ ಇಳಿಸಿದ್ರಿ," ಎಂದರು.

"ಆ ದಿನ ಮನೆಗೆ ಬಂದು ಊಟ ಮಾಡ್ಲಿಲ್ಲ," ಎನ್ನುತ್ತಾರೆ ಕೊನೆಯಕ್ಕ. "ಆದ್ರೆ ಬಿಟ್ಟಿದ್ರೆ ಆಕೆ ಕತ್ತಲಲ್ಲಿ ಇಳೀಬೇಕಾಗ್ತಿತ್ತು. ಯಾರ ಕೈಲಿ ಬೈಸ್ಕೊಂಡ್ರೂ ಪರವಾಗಿಲ್ಲ, ಆ ಇಳಿಜಾರಲ್ಲಿ ಕತ್ತಲೆ ಮಾತ್ರ ಬೇಡ." ಕಂಡಕ್ಟರ್ ಮರುವರ್ಷ ಮತ್ತೆ ಬಂದರು. ಆಗಲೂ ಕೊನೆಯವರೇ, ಆದರೆ ಗಡುವಿನೊಳಗೆ. ಕಮಾನು ದಾಟಿದವರು ನೇರ ಹಿಂದಿರುಗಿ ಬಂದು ಕೊನೆಯಕ್ಕನನ್ನು ತಬ್ಬಿಕೊಂಡು, "ಈಗ ರೈಟ್ ರೈಟ್," ಎಂದರಂತೆ.

ಊರಿನವರನ್ನು ಕೊನೆಯಕ್ಕನ ಬಗ್ಗೆ ಕೇಳಿದರೆ ಎಲ್ಲರೂ ಹೇಳುವುದು ಆಲಿಕಲ್ಲಿನ ವರ್ಷದ ಸಂಗತಿ. ಆ ವರ್ಷ ಕೊನೆಯಲ್ಲಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಜೀವಮಾನವಿಡೀ ಮಕ್ಕಳಿಗೆ ಸೋಮಾರಿಗಳು ಎಂದು ಬೈದು ಬಂದವರು. ಹಳೆಯ ಶಿಷ್ಯನೊಬ್ಬ, ಸ್ವತಃ ಓಟಗಾರ, "ನೀವು ಒಂದ್ಸಲ ಓಡಿ ತೋರ್ಸಿ ಸರ್," ಎಂದು ಕೆಣಕಿದ. ಮೇಷ್ಟ್ರಿಗೆ ಅದು ನಾಟಿತು. ಒಂದು ವರ್ಷ ಬೀದಿ ಬೀದಿ ಓಡಿ ಅಭ್ಯಾಸ ಮಾಡಿ ಬಂದೇಬಿಟ್ಟರು. ಎರಡು ದಿನ ಎಲ್ಲರಿಗಿಂತ ಹಿಂದೆ, ಆದರೂ ಗಡುವಿನೊಳಗೆ ಮುಗಿಸಿದರು. ದಾರಿಯುದ್ದಕ್ಕೂ ಪಾಠ. ಈ ಇಳಿಜಾರಿನ ಕೋನ ಎಷ್ಟು, ಆ ಮರದ ಎತ್ತರ ಅಳೆಯುವುದು ಹೇಗೆ. "ನನ್ನ ತಲೆಗೆ ಒಂದೂ ಹೋಗ್ಲಿಲ್ಲ. ಹೂಂಗುಟ್ಟಿದ್ದೇ ಹೂಂಗುಟ್ಟಿದ್ದು," ಎಂದು ನಗುತ್ತಾರೆ ಕೊನೆಯಕ್ಕ.

ಮೂರನೇ ದಿನ ಮಧ್ಯಾಹ್ನ ಅವರಿಬ್ಬರೂ ಬೆಟ್ಟದ ಏಣಿನ ಮೇಲೆ, ಎರಡೂ ಬದಿ ಇಳಿಜಾರಿನ ಕಿರುದಾರಿಯಲ್ಲಿ, ಇದ್ದಾಗ ಆಕಾಶ ಕಪ್ಪಿಟ್ಟಿತು. ಮೊದಲು ಗಾಳಿ, ಆಮೇಲೆ ಗೋಲಿ ಗಾತ್ರದ ಆಲಿಕಲ್ಲು. ದಾರಿ ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು. ಮೇಷ್ಟ್ರು ಜಾರಿ ಬಿದ್ದರು. ಮೊಣಕಾಲು ಹೊರಳಿ, ಎದ್ದು ನಿಲ್ಲಲಾಗಲಿಲ್ಲ. ಕೊನೆಯಕ್ಕ ಅವರನ್ನು ತೋಳಿನ ಕೆಳಗೆ ಹಿಡಿದು ಎಳೆದುಕೊಂಡು ಹೋಗಿ, ಮುಂದಕ್ಕೆ ಚಾಚಿದ ಬಂಡೆಯೊಂದರ ಅಡಿಗೆ ಸೇರಿಸಿದರು. ವಾಕಿಟಾಕಿಗೆ ನೀರು ಹೊಕ್ಕು ಅದು ಗೊರಗೊರ ಎಂದು ಸತ್ತುಹೋಯಿತು. ಮುಂದಿನ ಠಾಣೆಯ ಡೇರೆ ಗಾಳಿಗೆ ಕಿತ್ತುಹೋಗಿ, ಅಲ್ಲಿದ್ದವರೆಲ್ಲ ಜೀವ ಕೈಲಿ ಹಿಡಿದು ಇಳಿದಿದ್ದರು. ಆ ಗಾಬರಿಯಲ್ಲಿ, ಓಟಗಾರರೆಲ್ಲ ಸುರಕ್ಷಿತವಾಗಿ ಇಳಿದಿದ್ದಾರೆ ಎಂದು ಕೆಳಗೆ ವರದಿಯೂ ಹೋಗಿತ್ತು.

ಮೇಷ್ಟ್ರು ಹೇಳಿದರು, "ನೀನು ಹೋಗಮ್ಮ. ಕೆಳಗೆ ಹೋಗಿ ಜನ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

"ಅವರು ಹೇಳಿದ್ದು ನ್ಯಾಯವಾಗೇ ಇತ್ತು," ಎನ್ನುತ್ತಾರೆ ಕೊನೆಯಕ್ಕ. ಇಸ್ತ್ರಿ ಮೇಜಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. "ಹೋಗಿದ್ರೆ ಬೇಗ ಜನ ಬರ್ತಿದ್ರೋ ಏನೋ. ನಾನೂ ಎದ್ದು ಎರಡು ಹೆಜ್ಜೆ ಇಟ್ಟೆ. ತಿರುಗಿ ನೋಡ್ದೆ. ಮಂಜು ಹೆಂಗಿತ್ತು ಅಂದ್ರೆ, ಎರಡೇ ಹೆಜ್ಜೆಗೆ ಅವರು ಕಾಣ್ತಿರ್ಲಿಲ್ಲ. ಮತ್ತೆ ಕಾಲು ಏಳ್ಲಿಲ್ಲ ಮೇಡಂ. ವಾಪಸ್ ಬಂದು ಕೂತೆ. ತಪ್ಪೋ ಸರಿಯೋ ನನಗೆ ಈಗ್ಲೂ ಗೊತ್ತಿಲ್ಲ."

ತಮ್ಮ ಮಳೆಯಂಗಿಯನ್ನು ಅವರಿಗೆ ಹೊದಿಸಿದರು. ಅವರ ಎರಡೂ ಅಂಗೈಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿದರು. ಮೇಷ್ಟ್ರ ಹಲ್ಲು ಕಟಕಟ ಎನ್ನುವುದು ನಿಂತು, ಕಣ್ಣು ಮುಚ್ಚತೊಡಗಿದಾಗ ಕೊನೆಯಕ್ಕನಿಗೆ ನಿಜವಾಗಿ ಹೆದರಿಕೆಯಾಯಿತು. ಏನು ಮಾಡುವುದು? ಮಾತಾಡಿಸಿದರೆ ಹೂಂ ಎನ್ನುವುದೂ ನಿಂತುಹೋಗಿತ್ತು. "ಮೇಷ್ಟ್ರೇ, ಹದಿನೇಳರ ಮಗ್ಗಿ ಹೇಳಿ!" ಎಂದು ಗದರಿದರು. ಮೇಷ್ಟ್ರು ಕಣ್ಣು ಬಿಟ್ಟರು. ಹೇಳಲು ಶುರುಮಾಡಿದರು. ಮುಗಿದ ಕೂಡಲೇ ಹದಿನೆಂಟರದು, ಆಮೇಲೆ ಹತ್ತೊಂಬತ್ತರದು.

"ನನಗೆ ಹದಿನೇಳರ ಮಗ್ಗಿ ಎಲ್ಲಿ ಬರುತ್ತೆ? ಅವರು ಸರಿ ಹೇಳಿದ್ರೋ ತಪ್ಪು ಹೇಳಿದ್ರೋ ದೇವರಿಗೇ ಗೊತ್ತು. ಬಾಯಿ ನಿಲ್ಲಬಾರದು, ಅಷ್ಟೇ. ನಿಂತಾಗೆಲ್ಲ, ತಪ್ಪಾಯ್ತು ಮೇಷ್ಟ್ರೇ, ಮೊದಲಿಂದ ಹೇಳಿ, ಅಂತಿದ್ದೆ. ಸಿಟ್ಟು ಬಂದ್ಬಿಡ್ತಿತ್ತು ಅವರಿಗೆ. ಸಿಟ್ಟು ಬಂದ್ರೆ ಒಳ್ಳೇದೇ, ಮೈ ಬಿಸಿಯಾಗುತ್ತೆ."

ಅದೇ ಹೊತ್ತಿಗೆ ಕೆಳಗೆ ಮೈದಾನದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಗಾಳಿಗೆ ಹಾರಿಹೋದೀತೆಂದು ಸಂಘಟಕರು ಕಮಾನಿನ ಗಾಳಿ ಬಿಟ್ಟು ಮಡಚಲು ಹೊರಟಿದ್ದರು. ಕೊನೆಯಕ್ಕನ ಗಂಡ ಓಟದ ದಿನಗಳಲ್ಲಿ ಮುಕ್ತಾಯದ ಗೆರೆಯ ಪಕ್ಕ ಸ್ಟೂಲು ಹಾಕಿಕೊಂಡು ಓಟಗಾರರ ಶೂ, ಚೀಲ ಹೊಲಿದುಕೊಡುತ್ತಾರೆ. ಅವರು ಎದ್ದು ಹೋಗಿ, ಗಾಳಿ ತುಂಬುವ ಯಂತ್ರದ ಮುಂದೆ ಸ್ಟೂಲು ಹಾಕಿ ಕೂತರು.

"ನನ್ನ ಹೆಂಡ್ತಿ ಬಂದಿಲ್ಲ. ಓಟ ಮುಗಿದಿಲ್ಲ."

"ಎಲ್ಲರೂ ಇಳಿದಿದ್ದಾರೆ ಅಂತ ವರದಿ ಬಂದಿದೆಯಪ್ಪಾ," ಎಂದರು ಮುಖ್ಯಸ್ಥರು. "ಅವರು ಬೇರೆ ದಾರೀಲಿ ಮನೆಗೆ ಹೋಗಿರ್ಬೇಕು."

ಗಂಡ ಪ್ಯಾಂಟಿನ ಕಾಲು ಎತ್ತಿ ಕೃತಕ ಕಾಲು ತೋರಿಸಿದರು. "ನನ್ನ ಬಗ್ಗೇನೂ ಹೀಗೇ ವರದಿ ಬಂದಿತ್ತು."

ಮುಖ್ಯಸ್ಥರು ಕೂಡಲೇ ಓಟಗಾರರ ಕೋಣೆ ಕೋಣೆಗೆ ಜನ ಅಟ್ಟಿದರು. ಮೇಷ್ಟ್ರ ಕೋಣೆ ಬೀಗ ಹಾಕಿಯೇ ಇತ್ತು. ಹತ್ತು ನಿಮಿಷದಲ್ಲಿ ಹಗ್ಗ, ಕಂಬಳಿ ಹಿಡಿದ ತಂಡ ಬೆಟ್ಟದತ್ತ ಹೊರಟಿತು. ಎಲ್ಲರಿಗಿಂತ ಮುಂದೆ ಇದ್ದವನು, ಮೇಷ್ಟ್ರನ್ನು ಕೆಣಕಿದ ಆ ಶಿಷ್ಯ.

ತಂಡ ಕಾಡಿನಂಚು ತಲುಪುವ ಹೊತ್ತಿಗೆ ಎದುರಿನಿಂದ ಎರಡು ಆಕೃತಿಗಳು ಇಳಿದು ಬರುತ್ತಿದ್ದವು. ಆಲಿಕಲ್ಲು ನಿಂತ ಕೂಡಲೇ ಕೊನೆಯಕ್ಕ, ಆ ದಿನ ಬಿಚ್ಚಿ ಚೀಲಕ್ಕೆ ತುಂಬಿಕೊಂಡಿದ್ದ ರಿಬ್ಬನ್‌ಗಳನ್ನೆಲ್ಲ ಹೊರತೆಗೆದು, ಜಡೆಯಂತೆ ಹೆಣೆದು, ಕೋಲನ್ನು ಮೇಷ್ಟ್ರ ಕಾಲಿಗೆ ಒತ್ತಾಗಿ ಕಟ್ಟಿದ್ದರು. ಉಳಿದ ರಿಬ್ಬನ್‌ನಿಂದ ಅವರ ಸೊಂಟವನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡಿದ್ದರು. ಕಡಿದಾದಲ್ಲಿ ಬೆನ್ನ ಮೇಲೆ ಹೊತ್ತು, ಸಮತಟ್ಟಾದಲ್ಲಿ ಇಳಿಸಿ ನಡೆಸುತ್ತ ಬಂದಿದ್ದರು. ಶಿಷ್ಯ ಓಡಿಬಂದು ಮೇಷ್ಟ್ರ ಕಾಲು ಹಿಡಿದು ಅತ್ತ. "ಬಿಡೋ, ಅದೇ ಕಾಲು ಉಳುಕಿರೋದು!" ಎಂದು ಮೇಷ್ಟ್ರು ಕೂಗಿಕೊಂಡರು.

ಮುಸ್ಸಂಜೆಯ ಬೆಳಕಿನಲ್ಲಿ ಮೈದಾನ ತಲುಪಿದಾಗ ಕಮಾನು ಇನ್ನೂ ನಿಂತೇ ಇತ್ತು. ಗೆರೆಯ ಹತ್ತಿರ ಕೊನೆಯಕ್ಕ ನಿಂತು, ಮೇಷ್ಟ್ರನ್ನು ಮುಂದಕ್ಕೆ ಬಿಟ್ಟರು. ಅವರು ದಾಟಿದ ಮೇಲೆ ತಾವು ದಾಟಿದರು. ಮೇಷ್ಟ್ರು ತಿರುಗಿ ಕೇಳಿದರು, "ಏನಮ್ಮ, ನಾನು ಪಾಸೋ ಫೇಲೋ?"

ಸುತ್ತ ನಿಂತವರೆಲ್ಲ ಪಾಸು ಪಾಸು ಎಂದು ಕೂಗಿದರು. ಕೊನೆಯಕ್ಕ ಅವರ ಎದೆಯ ಚೀಟಿಗೆ ಕೈ ಹಾಕಿ, ಮೆಲ್ಲಗೆ ಪಿನ್ನು ಬಿಚ್ಚುತ್ತ, "ಫೇಲು ಮೇಷ್ಟ್ರೇ. ಗಡುವು ದಾಟಿ ಎಷ್ಟೋ ಹೊತ್ತಾಯ್ತು," ಎಂದರು.

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ವರ್ಷ ಮಕ್ಕಳನ್ನು ಫೇಲು ಮಾಡಿದ್ದೆ, ಅದು ಹೇಗಿರುತ್ತದೆಂದು ಈಗ ಗೊತ್ತಾಯಿತು ಎಂದರಂತೆ. ಈಗ ಅವರು ಓಡುವುದಿಲ್ಲ. ಪ್ರತಿ ವರ್ಷ ಬಂದು, ಏಣಿನ ಕೆಳಗಿನ ಠಾಣೆಯಲ್ಲಿ ನೀರು ಹಂಚುತ್ತಾರೆ. ಅಲ್ಲಿಂದ ಕೊನೆಯಕ್ಕ ದಾಟುವವರೆಗೆ ಡೇರೆ ಬಿಚ್ಚಲು ಅವರು ಯಾರಿಗೂ ಬಿಡುವುದಿಲ್ಲ.

ಆ ವರ್ಷದ ಸಮಾರೋಪದಲ್ಲಿ ಕೊನೆಯಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೆಂದು ತೀರ್ಮಾನವಾಗಿತ್ತು. ಹೆಸರು ಕೂಗಿದಾಗ ಅವರು ಅಲ್ಲಿರಲಿಲ್ಲ. ಮೋಜಿನ ಓಟ ಇನ್ನೂ ಮುಗಿದಿರಲಿಲ್ಲ. ಕಾರಣ ಅವರ ಅತ್ತೆಯೇ.

"ಊರೋರನ್ನೆಲ್ಲ ನಡೆಸ್ಕೊಂಡು ಬರ್ತಾಳೆ, ನನ್ನನ್ನ ಒಂದಿನ ಹೊರಗೆ ಕರ್ಕೊಂಡು ಹೋಗಿದ್ದಾಳಾ?" ಎಂದು ಹಠ ಹಿಡಿದು ಅತ್ತೆ ಆ ವರ್ಷ ಹೆಸರು ಕೊಟ್ಟಿದ್ದರು. ಕ್ಯಾರೆಟ್ ವೇಷದ ತಾತ, ತಳ್ಳುಗಾಡಿಯ ಕೂಸುಗಳು, ಯಾರದೋ ನಾಯಿ ಎಲ್ಲರೂ ಮುಂದೆ ಹೋದರು. ಅತ್ತೆ ಸಿಕ್ಕ ಸಿಕ್ಕ ಜಗಲಿಯಲ್ಲಿ ಕೂತು ಕ್ಷೇಮ ಸಮಾಚಾರ ವಿಚಾರಿಸಿದರು. ಕಿಟಕಿಯಿಂದ ಮಾತ್ರ ಕಂಡಿದ್ದ ಬೀದಿಯನ್ನು ಒಂದೊಂದು ಬಾಗಿಲೂ ಬಿಡದೆ ಮುಗಿಸಿದರು. ಸೊಸೆ ಹಿಂದೆ ನಿಂತು ಕಾದರು. "ಬೇಗ ನಡೀರಿ ಅತ್ತೆ ಅಂದೆ. ಗಡುವು ಇದೆಯಾ ಅಂತ ಕೇಳಿದ್ರು. ಮೋಜಿನ ಓಟಕ್ಕೆ ಗಡುವಿಲ್ಲ ಅಂದೆ. ಹಾಗಾದ್ರೆ ಬಾಯ್ಮುಚ್ಕೊಂಡು ಬಾ ಅಂದ್ರು." ಇಬ್ಬರೂ ಬರುವಷ್ಟರಲ್ಲಿ ವೇದಿಕೆಯ ಕುರ್ಚಿಗಳನ್ನು ಲಾರಿಗೆ ಏರಿಸುತ್ತಿದ್ದರು. ಶಾಲನ್ನು ಮುಖ್ಯಸ್ಥರು ಮನೆಗೆ ತಲುಪಿಸಿದರು. ಅದೀಗ ಅತ್ತೆಯ ಹೆಗಲ ಮೇಲಿದೆ. "ಕೊನೆಗೆ ಬಂದಿದ್ದು ನಾನು. ಶಾಲು ನನಗೇ," ಎನ್ನುತ್ತಾರೆ ಅವರು.

ಈ ವರ್ಷದ ಓಟ ಮುಗಿದ ಮರುದಿನ ಮತ್ತೆ ನೆಲಮಾಳಿಗೆಗೆ ಹೋದೆ. ಓಟಗಾರರು ಬಿಟ್ಟುಹೋದ ಕೋಣೆಗಳ ಬಟ್ಟೆ ಸೂರಿನವರೆಗೆ ರಾಶಿ ಬಿದ್ದಿತ್ತು. ಕೊನೆಯಕ್ಕನ ಕಾಲಿಗೆ ಬೊಬ್ಬೆ ಎದ್ದು, ಚಪ್ಪಲಿಯನ್ನು ಅರ್ಧ ಮೆಟ್ಟಿ ಓಡಾಡುತ್ತಿದ್ದರು. ಹೊರಡುವ ಮೊದಲು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ದಿಂಬಿನ ಚೀಲವೊಂದನ್ನು ಕೊಡವಿ, ಮಡಚಿ, ಮೇಲೆ ಇನ್ನೊಂದನ್ನು ಇಟ್ಟು, ಸಂಕೋಚದಿಂದ ಹೇಳಿದರು.

"ಮೊದಲು ಬರೋರನ್ನ ಒಂದ್ಸಲ ನೋಡ್ಬೇಕು ಅಂತಿದೆ. ಇಷ್ಟು ವರ್ಷ ಆಯ್ತು, ಒಬ್ರನ್ನೂ ನೋಡಿಲ್ಲ. ಅವರು ಕೆಳಗೆ ಬಂದಾಗ ನಾನಿನ್ನೂ ಮೇಲೇ ಇರ್ತೀನಲ್ಲ." ಆಮೇಲೆ, "ನೀವು ನೋಡಿದ್ರಾ ಮೇಡಂ? ಹೇಗ್ ಬಂದ್ರು?"

ನಾನು ನೋಡಿದ್ದೆ. ಹೇಳಿದೆ. ಗೆದ್ದ ಹುಡುಗಿ ಗೆರೆ ದಾಟಿದವಳು ಕೈ ಎತ್ತಲಿಲ್ಲ, ನಗಲೂ ಇಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮೈಕು ಹಿಡಿದವರು ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ. ಶೂ ಬಿಚ್ಚಲು ನೋಡಿದಳು, ಬೆರಳು ಆಡಲಿಲ್ಲ. ಅವಳ ಅಮ್ಮ ಬಂದು ಲೇಸು ಬಿಚ್ಚಿದರು. ಆಗ ಅಮ್ಮನ ಹೆಗಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

ಕೊನೆಯಕ್ಕ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ಓಹೋ," ಎಂದರು. "ಹಾಗಾದ್ರೆ ನಾನು ನೋಡಿದ್ದೀನಿ ಬಿಡಿ. ಕೊನೆಯವರೂ ಹಾಗೇ ಬರೋದು."